ಅತ್ತೆಯ ಅಟ್ಟ ಹತ್ತಿದ ಹುಡುಗಿ

ನನಗೆ ಮೂಗಿನ ತುದಿಯಲ್ಲೇ ಕೋಪ ಅನ್ನುವುದು ನಮ್ಮ ಊರಿಗೆಲ್ಲ ಗೊತ್ತು. ನಮ್ಮ ಯಜಮಾನರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಹಾಲಿನ ಡೈರಿ ಮುಂದೆ ನಿಂತು ಹೆಡ್‌ಮಾಸ್ಟರಿಗೆ ಕೊಟ್ಟ ಮಾತನ್ನು ನನಗೆ ತಿಳಿಸಲು ನಾಲ್ಕು ದಿನ ತೆಗೆದುಕೊಂಡರು. ನಾಲ್ಕನೆಯ ದಿನ ಊಟಕ್ಕೆ ಕೂತು ಮುದ್ದೆ ಮುರಿಯುತ್ತಾ, ನಮ್ಮೂರ ಸ್ಕೂಲಿಗೆ ಹೊರದೇಶದಿಂದ ಒಬ್ಬಳು ವಾಲಂಟಿಯರ್ ಬರುತ್ತಾಳಂತೆ, ಸಂಬಳವಿಲ್ಲದೆ ಹತ್ತು ತಿಂಗಳು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳಂತೆ ಅಂದರು. ಬಂದರೆ ಬರಲಿ, ನನಗೇನು ಅಂದೆ. "ನಮ್ಮನೇಲೇ ಇರ್ತಾಳೆ ಕಣೇ" ಅಂದರು. ನಾನು ಸೌಟನ್ನು ಸಾರಿನ ಪಾತ್ರೆಯೊಳಗೇ ಬಿಟ್ಟು ಎದ್ದುಹೋದೆ.

ಸಿಟ್ಟಿಗೆ ಕಾರಣವಿತ್ತು. ಮನೆಯಲ್ಲಿ ಇದ್ದವರು ನಾವು ಮೂರೇ ಜನ: ಯಜಮಾನರು, ಅತ್ತೆ, ನಾನು. ಮಗಳನ್ನು ತುರುವೇಕೆರೆಗೆ ಕೊಟ್ಟಾಗಿತ್ತು. ಆ ಮೂರು ಜನರಲ್ಲೇ ಎರಡು ವರ್ಷದಿಂದ ಮಾತು ಕೆಟ್ಟಿತ್ತು. ಅತ್ತೆ ನನ್ನ ಮೇಲೆ ಬಿಂಕ ತೋರಿಸುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಅಡುಗೆಮನೆಯಿಂದ "ಅತ್ತೆ, ಊಟಕ್ಕೆ ಬನ್ನಿ" ಅಂದರೆ ಉತ್ತರವಿಲ್ಲ. ಹಾಲು ಹೆಪ್ಪು ಹಾಕಿದ್ರಾ ಅಂದರೆ ಆಕಡೆ ಮುಖ ತಿರುಗಿಸಿಕೊಂಡು ಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದರು. ಅದೇ ಮಗ ಬಂದು "ಅವ್ವ" ಅಂದರೆ ಸಾಕು, "ಏನಪ್ಪ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಇಪ್ಪತ್ತಾರು ವರ್ಷ ಇವರ ಮನೆಯ ಒಲೆ ಉರಿಸಿದ್ದಕ್ಕೆ ಇದೇನಾ ಮರ್ಯಾದೆ ಅಂದುಕೊಂಡು ನಾನೂ ಮಾತು ಕಮ್ಮಿ ಮಾಡಿದೆ. ತಟ್ಟೆಯನ್ನು ಅವರ ಮುಂದೆ ಕುಕ್ಕಿ ಹೋಗುವುದನ್ನು ಕಲಿತೆ.

ನಿಜ ಸಂಗತಿ ಬೇರೆಯೇ ಇತ್ತು. ಈಗ ಬರೆಯುವಾಗ ಮುಚ್ಚಿಡುವುದೇಕೆ? ಅತ್ತೆಗೆ ಕಿವಿ ಹೋಗುತ್ತಿತ್ತು. ಯಜಮಾನರದು ಗಂಟೆಯಂಥ ಗಂಟಲು, ಆಚೆ ತೋಟದಲ್ಲಿ ಮಾತಾಡಿದರೆ ಈಚೆ ರಸ್ತೆಗೆ ಕೇಳಬೇಕು. ಆ ದನಿ ಅತ್ತೆಗೆ ತಲುಪುತ್ತಿತ್ತು. ನಾನು ಕೂಗಾಡುವವಳಲ್ಲ, ಸಿಟ್ಟು ಬಂದಷ್ಟೂ ಹಲ್ಲು ಕಚ್ಚಿ ಮೆಲ್ಲಗೆ, ನಾಟುವ ಹಾಗೆ ಆಡುವವಳು. ನನ್ನ ದನಿ ಅವರಿಗೆ ಕೇಳುತ್ತಲೇ ಇರಲಿಲ್ಲ. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಕಾರಣ ನಮ್ಮ ಮನೆಯ ಅಟ್ಟ.

ನಮ್ಮ ಸೀಮೆಯವರಿಗೆ ಅಟ್ಟ ಅಂದರೆ ವಿವರಿಸಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸುಲಿಯದೆ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಒಣಗಿ, ಚಿಪ್ಪನ್ನು ಬಿಟ್ಟು ಉಂಡೆಯಾಗಬೇಕು. ಆಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದರೆ ಇಡೀ ಉಂಡೆ ಕೈಗೆ ಬರುತ್ತದೆ. ಮೊದಲೇ ಒಡೆದರೆ ಹಸಿ ಕಾಯಿ ಚಿಪ್ಪಿಗೆ ಅಂಟಿಕೊಂಡು ಚೂರುಚೂರಾಗುತ್ತದೆ. ಎಲ್ಲರ ಮನೆಯಲ್ಲೂ ತಿಂಗಳ ಲೆಕ್ಕದಲ್ಲಿ ಇಳಿಸುತ್ತಾರೆ. ನಮ್ಮ ಅತ್ತೆಯದು ಕಿವಿಯ ಲೆಕ್ಕ. ಒಂದೊಂದೇ ಕಾಯನ್ನು ಎತ್ತಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಇಳಿಸುವುದನ್ನು ಒಂದು ಕಡೆ, ಇನ್ನೂ ಇರಬೇಕಾದ್ದನ್ನು ಇನ್ನೊಂದು ಕಡೆ ಇಡುತ್ತಿದ್ದರು. ಮಾವನವರು ಇದ್ದಾಗಿನಿಂದ ಹಾಗೆಯೇ. ಅವರು ಆರಿಸಿದ್ದರಲ್ಲಿ ಒಂದು ಉಂಡೆಯೂ ಒಡೆಯುತ್ತಿರಲಿಲ್ಲ ಎಂದು ಊರಲ್ಲಿ ಈಗಲೂ ಹೇಳುತ್ತಾರೆ.

ಮಾವನವರು ಹೋದ ಮೇಲೆ ಅತ್ತೆ ಒಂದೊಂದೇ ಬಿಟ್ಟುಕೊಡುತ್ತಾ ಬಂದರು. ಬೀರುವಿನ ಕೀ ನನಗೆ ಬಂತು. ಅಡುಗೆಮನೆ ಅದಕ್ಕೂ ಮೊದಲೇ ಬಂದಿತ್ತು. ಹಸು ಕರೆಯುವುದು ಯಜಮಾನರ ಪಾಲಾಯಿತು. ಉಳಿದದ್ದು ಅಟ್ಟ ಒಂದೇ. ಅಲ್ಲಿಗೆ ನಾನು ಸೊಸೆಯಾಗಿ ಬಂದ ಮೇಲೆ ಒಂದು ಸಲವೂ ಹತ್ತಿರಲಿಲ್ಲ. ಅವರೂ ಕರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಹುಡುಗಿ ಬರುವ ಹಿಂದಿನ ವರ್ಷದ ತನಕ ಕಿವಿಗೇ ಹಿಡಿದ ಕಾಯಿಯ ಸದ್ದು ಅಷ್ಟಿಷ್ಟು ಕೇಳುತ್ತಿತ್ತಂತೆ, ಆಮೇಲೆ ಅದೂ ಹೋಯಿತು. ಕಿವಿ ಹೋಯಿತು ಅಂತ ಗೊತ್ತಾದರೆ ಅದನ್ನೂ ಬಿಡಿಸುತ್ತಾರೆ, ಆಮೇಲೆ ಜಗಲಿ ಮೇಲೆ ಕೂತು ಹೊತ್ತು ಕಳೆಯಬೇಕು ಅನ್ನುವ ಭಯ ಅವರಿಗೆ. ಅದನ್ನು ಮನೆಯಲ್ಲಿ ಕಂಡುಹಿಡಿದವಳು ಆ ಪರದೇಶದ ಹುಡುಗಿ. ಒಂದೇ ಮನೆಯಲ್ಲಿದ್ದ ನನಗೆ ಗೊತ್ತಾಗಲಿಲ್ಲ.

ಅವಳು ಬರುವ ಹೊತ್ತಿಗೆ ನಾವು ಪಟ್ಟ ಪಾಡು ಹೇಳುವಂಥದ್ದಲ್ಲ. ಯಜಮಾನರು ತಿಪಟೂರಿನಿಂದ ಕಮೋಡ್ ತಂದು ಕೂರಿಸಿದರು. ನಾನು ಬೇಡ ಬೇಡ ಅನ್ನುತ್ತಲೇ ಬ್ರೆಡ್ಡು, ಜಾಮು, ಕಾರ್ನ್‌ಫ್ಲೇಕ್ಸು ತಂದಿಟ್ಟೆ. ಮೇಷ್ಟ್ರು ಮಕ್ಕಳಿಗೆ "ವೆಲ್ಕಮ್" ಹಾಡು ಕಲಿಸಿದರು. ಫಾರಿನ್ನವಳು ಅಂದ ಮೇಲೆ ಬೆಳ್ಳಗೆ, ಎತ್ತರಕ್ಕೆ, ಕೆಂಚು ಕೂದಲಿನವಳು ಬರುತ್ತಾಳೆ ಎಂದು ಊರಿಗೆ ಊರೇ ಕಾದಿತ್ತು. ಬಿಳಿಗೆರೆ ಕಡೆಯಿಂದ ಬಂದ ಆಟೋದಿಂದ ಇಳಿದವಳು ಗಿಡ್ಡಗೆ, ನಮ್ಮದೇ ಬಣ್ಣದವಳು, ಕಪ್ಪು ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ್ದಳು. ಫಿಲಿಪೈನ್ಸಿನವಳಂತೆ. ಅದು ಎಲ್ಲಿದೆ ಅನ್ನುವುದು ಹೆಡ್‌ಮಾಸ್ಟರಿಗೂ ಸರಿಯಾಗಿ ಗೊತ್ತಿರಲಿಲ್ಲ. ನೋಡಲು ಬಂದವರು ಮೋಸ ಹೋದವರ ಹಾಗೆ ಮುಖ ಮಾಡಿಕೊಂಡು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಜಗಲಿ ಮೇಲೆ ಕೂತಿದ್ದ ಅತ್ತೆ ಮಾತ್ರ ಅವಳನ್ನು ಬಹಳ ಹೊತ್ತು ನೋಡಿ, "ನಮ್ಮಂಗೇ ಅವ್ಳೆ ಬುಡು" ಅಂದು, ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಟ್ಟರು.

ಕಾರ್ನ್‌ಫ್ಲೇಕ್ಸನ್ನು ಆಮೇಲೆ ಹಸು ತಿಂದಿತು. ಹುಡುಗಿ ನಾವು ತಿಂದದ್ದನ್ನೇ ತಿಂದಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಯಜಮಾನರು ಅಭಿನಯ ಮಾಡಿ ತೋರಿಸಿದರು. ಅವಳು ವಾರವಿಡೀ ಅಗಿದೇ ಅಗಿದು, ಎಂಟನೆಯ ದಿನ ಕಣ್ಣುಮುಚ್ಚಿ ಒಂದು ತುತ್ತು ನುಂಗಿ, ನಾವೆಲ್ಲ ಸತ್ತಳೇನೋ ಅಂದುಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು ನಕ್ಕಳು. ಬೋರ್‌ವೆಲ್‌ಗೆ ಕರೆಂಟು ಬರುವ ಹೊತ್ತು ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಬಿಂದಿಗೆ ಹಿಡಿದು ಓಡುತ್ತಿದ್ದಳು. ಬಟ್ಟೆ ತಾನೇ ಒಗೆಯುತ್ತಿದ್ದಳು, ಆದರೆ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಕುಕ್ಕಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಮಗುವಿಗೆ ಸ್ನಾನ ಮಾಡಿಸುವ ಹಾಗೆ ಉಜ್ಜುತ್ತಿದ್ದಳು. ಕಮೋಡನ್ನು ಬಳಸಿದವರು ಯಜಮಾನರು, ಅವರಿಗೆ ಮಂಡಿನೋವು.

ಊರಿನವರು ಅವಳಿಗೆ ಕೇಳುತ್ತಿದ್ದ ಪ್ರಶ್ನೆ ಎರಡೇ: ಮದುವೆ ಆಗಿದೆಯಾ, ಇಲ್ಲದಿದ್ದರೆ ಯಾಕೆ? ಬಸ್ಸಿನಲ್ಲಿ, ಅಂಗಡಿಯಲ್ಲಿ, ಹೊನ್ನವಳ್ಳಿ ಸಂತೆಗೆ ಕರೆದುಕೊಂಡು ಹೋದಾಗ ಸೊಪ್ಪು ಮಾರುವವಳ ಬಾಯಲ್ಲೂ ಅದೇ. ಕೊನೆಗೆ ಅವಳು ಕನ್ನಡದಲ್ಲಿ ಒಂದು ಉತ್ತರ ಬಾಯಿಪಾಠ ಮಾಡಿಕೊಂಡಳು: "ಗಂಡು ನೋಡಿ ಹೇಳಿ." ಅದನ್ನು ಕೇಳಿ ಎಲ್ಲರೂ ನಗುತ್ತಿದ್ದರು, ಪ್ರಶ್ನೆ ಅಲ್ಲಿಗೇ ನಿಲ್ಲುತ್ತಿತ್ತು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆಯೂ ಒಳಗೆ ಬರುವಂತಿಲ್ಲ. ಅವಳದು ಸಮುದ್ರದ ದಂಡೆಯ ಊರು, ಮೀನಿಲ್ಲದೆ ಊಟವಿಲ್ಲ. ಭಾನುವಾರ ಸ್ಕೂಲಿನ ಬಿಸಿಯೂಟದ ಅಡುಗೆಯವಳ ಮನೆಗೆ ಹೋಗಿ ಮೀನು ತಿಂದು, ಬಾಯಿ ತೊಳೆದು, ಸೋಂಪು ಅಗಿಯುತ್ತಾ ವಾಪಸು ಬರುತ್ತಿದ್ದಳು. ನಮಗೆ ಗೊತ್ತಿತ್ತು, ಅವಳಿಗೂ ನಮಗೆ ಗೊತ್ತಿರುವುದು ಗೊತ್ತಿತ್ತು. ಅತ್ತೆ ಬಾಗಿಲಲ್ಲೇ ಅವಳ ಹೊಟ್ಟೆ ಮುಟ್ಟಿ ನೋಡಿ, ತುಂಬಿದೆ ಎಂದು ತಲೆಯಾಡಿಸಿ ಒಳಗೆ ಬಿಡುತ್ತಿದ್ದರು. ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ತವರಿನಿಂದ ಬಂದಾಗ ನನ್ನ ಕೈಚೀಲ ಮುಟ್ಟಿ ನೋಡುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಹುಡುಗಿಗೆ ಎಲ್ಲ ಕಾಲವೂ ಬಂದಾಗಲೇ ಕೂಡಿಬಂದಿತ್ತು.

ಅವಳ ಊರೂ ತೆಂಗಿನ ಊರೇ. ಅದು ಗೊತ್ತಾದದ್ದು ಒಂದು ಅನಾಹುತದಿಂದ. ಬಂದು ಮೂರು ವಾರವಾಗಿತ್ತು. ನಾನು ಡೈರಿಗೆ ಹೋಗಿ ಬರುವಷ್ಟರಲ್ಲಿ ಅಟ್ಟಕ್ಕೆ ಏರಿಸಲೆಂದು ಮೆಟ್ಟಿಲ ಕೆಳಗೆ ಇಟ್ಟಿದ್ದ ಹನ್ನೆರಡು ಹದಿಮೂರು ಕಾಯನ್ನು ಸುಲಿದು, ಮಚ್ಚಿನಿಂದ ಒಂದೇ ಏಟಿಗೆ ಎರಡೆರಡು ಹೋಳು ಮಾಡಿ, ಮುಂದಿನ ಅಂಗಳದಲ್ಲಿ ಬಿಸಿಲಿಗೆ ಸಾಲಾಗಿ ಅಂಗಾತ ಹಾಕಿದ್ದಳು. ಮುಖದಲ್ಲಿ ಎಷ್ಟು ಸಂತೋಷ ಅಂದರೆ, ಪುಕ್ಕಟೆ ಉಂಡ ಋಣ ತೀರಿಸಿದವಳ ಹಾಗೆ. ಅವರ ಕಡೆ ಕೊಬ್ಬರಿ ಮಾಡುವುದೇ ಹಾಗಂತೆ, ಕಾಯಿ ಬಿದ್ದ ವಾರದಲ್ಲಿ ಹೋಳು ಮಾಡಿ ಒಣಗಿಸಿಬಿಡುವುದು. ತಿಪಟೂರು ಸೀಮೆಯಲ್ಲಿ ಉಂಡೆಗಿಟ್ಟ ಕಾಯನ್ನು ಹೋಳು ಮಾಡುವುದು ಅಂದರೆ ಹೆಪ್ಪು ಹಾಕಿದ ಹಾಲನ್ನು ಅರ್ಧಕ್ಕೇ ಕಡೆದ ಹಾಗೆ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಹಲ್ಲು ಕಚ್ಚಿ ಅಂದೆ. ಅವಳಿಗೆ ಕನ್ನಡ ಬರದಿದ್ದರೂ ಬೈಗುಳ ಅರ್ಥವಾಯಿತು.

ಅತ್ತೆ ಮೆಲ್ಲಗೆ ಜಗಲಿ ಇಳಿದು ಬಂದು ಒಂದು ಹೋಳು ತೆಗೆದುಕೊಂಡು ನೋಡಿದರು. ಕೈಯಲ್ಲಿ ತಿರುಗಿಸಿದರು. ಆ ಹೋಳಿನ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ನೆಟ್ಟಗಿತ್ತು. ನಮ್ಮೂರ ಗಂಡಸರಿಗೂ ಹಾಗೆ ಹೊಡೆಯಲು ಬರುವುದಿಲ್ಲ. ಅವರು ಅದರಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡು, ಹುಡುಗಿಯ ಕೈ ಹಿಡಿದು ಎಳೆದುಕೊಂಡು, ಅಟ್ಟದ ಮೆಟ್ಟಿಲ ಹತ್ತಿರ ಹೋದರು. ಇಪ್ಪತ್ತಾರು ವರ್ಷದಲ್ಲಿ ನನ್ನನ್ನು ಕರೆಯದ ಅಟ್ಟಕ್ಕೆ ಅವಳನ್ನು ಇಪ್ಪತ್ತೊಂದನೇ ದಿನ ಕರೆದುಕೊಂಡು ಹೋದರು.

ಅಂದಿನಿಂದ ಸ್ಕೂಲು ಬಿಟ್ಟು ಬಂದ ಮೇಲೆ, ಶನಿವಾರ ಮಧ್ಯಾಹ್ನ, ಇಬ್ಬರೂ ಅಟ್ಟದ ಮೇಲೆ. ಅತ್ತೆಗೆ ಇಂಗ್ಲಿಷ್ ಬರದು, ಅವಳಿಗೆ ಆಗಿನ್ನೂ ಕನ್ನಡ ಬರದು. ಆದರೂ ಮೇಲಿಂದ ನಗು ಕೇಳುತ್ತಿತ್ತು. ಅಲ್ಲಾಡಿಸಿದಾಗ ಗುಳುಗುಳು ಅಂದರೆ ಇನ್ನೂ ನೀರಿದೆ, ಇರಲಿ. ಗಟಗಟ ಅಂದರೆ ಉಂಡೆ ಬಿಟ್ಟುಕೊಂಡಿದೆ, ಇಳಿಸು. ಏನೂ ಅನ್ನದೆ ಸುಮ್ಮನಿದ್ದರೆ ನೀರು ಇಂಗಿದೆ, ಕಾಯಿ ಇನ್ನೂ ಚಿಪ್ಪು ಬಿಟ್ಟಿಲ್ಲ, ಅದಕ್ಕೆ ಅವಸರ ಮಾಡಬಾರದು. ಇದನ್ನೆಲ್ಲ ಅತ್ತೆ ಬಾಯಲ್ಲೇ ಸದ್ದು ಮಾಡಿ ಹೇಳಿಕೊಡುತ್ತಿದ್ದರು. ಕೆಳಗೆ ಪಾತ್ರೆ ಉಜ್ಜುತ್ತಾ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಹತ್ತಿರ ದಿನಕ್ಕೆ ಎರಡು ಮಾತಾಡದ ಬಾಯಿ ಮೇಲೆ ಗುಳುಗುಳು ಗಟಗಟ ಅಂತ ಆಟವಾಡುತ್ತಿತ್ತಲ್ಲ.

ಮೇಲೆ ನಡೆದದ್ದು ಏನೆಂದು ಹುಡುಗಿ ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಮಾತು ಬರದವಳಾದ್ದರಿಂದ ಅವಳು ಎಲ್ಲರ ಮುಖ ನೋಡಿಯೇ ಅರ್ಥ ಮಾಡಿಕೊಳ್ಳಬೇಕಿತ್ತು. ಹಾಗೆ ನೋಡುತ್ತಾ ನೋಡುತ್ತಾ, ಅತ್ತೆಯೂ ತನ್ನ ಹಾಗೆಯೇ ಎಲ್ಲರ ಮುಖವನ್ನೇ ನೋಡುತ್ತಾರೆ ಎಂದು ಅವಳಿಗೆ ಕಂಡಿತು. ಆಮೇಲೆ ಗುಳುಗುಳು ಅನ್ನುವ ಕಾಯನ್ನು ಅತ್ತೆ ಇಳಿಸುವ ಗುಡ್ಡೆಗೆ ಹಾಕಿದ್ದನ್ನು ಕಂಡಳು. ಒಂದಲ್ಲ, ಮೂರು. ಅವಳು ಏನೂ ಹೇಳದೆ ಆ ಮೂರನ್ನೂ ಎತ್ತಿ ಆಕಡೆ ಇಟ್ಟಳು. ಅತ್ತೆ ಅದನ್ನು ನೋಡಿಬಿಟ್ಟರು. ಆಮೇಲೆ ಅತ್ತೆ ಇನ್ನೊಂದು ಕಾಯಿ ಎತ್ತಿ, ಅದನ್ನು ತನ್ನ ಕಿವಿಗೆ ಹಿಡಿಯದೆ ಅವಳ ಕಿವಿಗೆ ಹಿಡಿದು ಅಲ್ಲಾಡಿಸಿದರು.

ಅಲ್ಲಿಂದ ಅವರಿಬ್ಬರದೇ ಒಂದು ಭಾಷೆಯಾಯಿತು. ನೀರಿದ್ದರೆ ಹುಡುಗಿ ಬೆರಳುಗಳನ್ನು ಮಳೆಯ ಹಾಗೆ ಆಡಿಸುತ್ತಿದ್ದಳು. ಉಂಡೆ ಬಿಟ್ಟಿದ್ದರೆ ಅಂಗೈಗೆ ಮುಷ್ಟಿಯಿಂದ ಎರಡು ಸಲ ಗುದ್ದುತ್ತಿದ್ದಳು. ಸದ್ದಿಲ್ಲದಿದ್ದರೆ ಬಾಯಿ ಮೇಲೆ ಕೈ. ಯಾರಿಗೂ ಹೇಳಬೇಡ ಎಂದು ಅತ್ತೆ ಅವಳ ಕೈಯನ್ನು ತನ್ನ ತಲೆ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿಕೊಂಡರಂತೆ. ತಲೆ ಮೇಲೆ ಕೈ ಇಡುವುದು ಆಶೀರ್ವಾದ ಎಂದು ಅವಳು ಮೊದಲು ತಿಳಿದಿದ್ದಳು.

ಚಳಿಗಾಲಕ್ಕೆ ಸ್ಕೂಲ್ ಡೇ ಬಂತು. ಹುಡುಗಿ ಐದನೇ ಕ್ಲಾಸಿನವರಿಗೆ ಅವಳ ದೇಶದ ಡ್ಯಾನ್ಸ್ ಕಲಿಸುತ್ತೇನೆ ಎಂದು ಒಪ್ಪಿಕೊಂಡಳು. ಎರಡು ಬಿದಿರು ಬೊಂಬು ನೆಲಕ್ಕೆ ಬಡಿಯುವಾಗ ಅದರ ನಡುವೆ ಕಾಲು ಸಿಕ್ಕಿಹಾಕಿಕೊಳ್ಳದೆ ಕುಣಿಯುವುದು. ಮಕ್ಕಳ ಕಾಲು ದಿನವೂ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದಕ್ಕೆ ಸಂಜೆಯೂ ಪ್ರಾಕ್ಟೀಸು, ಶನಿವಾರವೂ ಪ್ರಾಕ್ಟೀಸು. ಮೂರು ವಾರ ಅವಳು ಅಟ್ಟ ಹತ್ತಲಿಲ್ಲ. ಅದೇ ಮೂರು ವಾರದಲ್ಲಿ ಯಜಮಾನರು ಸುಲಿಯುವವರಿಗೆ ದಿನ ಗೊತ್ತು ಮಾಡಿದರು. ಕಾಯಿ ಆರಿಸಿಡವ್ವ ಎಂದು ತಾಯಿಗೆ ಹೇಳಿದರು. ಅತ್ತೆ ಆಗಲಪ್ಪ ಅಂದರು. ಇನ್ನೇನು ಅನ್ನಬೇಕಿತ್ತು ಅವರು? ಒಬ್ಬರೇ ಮೇಲೆ ಕೂತು, ತೂಕ ನೋಡಿ, ತೊಟ್ಟು ಮುಟ್ಟಿ, ಅಂದಾಜಿನ ಮೇಲೆ ಆರಿಸಿದರು.

ಸುಲಿಯುವ ದಿನ ಅಂಗಳದ ತುಂಬ ಜನ. ಸುಲಿಯುವ ಗಂಡಸರು ಇಬ್ಬರು, ಚಿಪ್ಪು ಒಡೆಯಲು ನಾನು ಮತ್ತು ಪಕ್ಕದ ಮನೆಯ ಇಬ್ಬರು ಹೆಂಗಸರು. ನಾನು ಮೊದಲ ಕಾಯಿ ತಟ್ಟಿದೆ, ಒಳಗಿಂದ ನೀರು ಚಿಮ್ಮಿ ಸೀರೆಗೆ ಬಿತ್ತು. ಹೋಗಲಿ, ಒಂದು ಎಂದುಕೊಂಡೆ. ಎರಡನೆಯದರಲ್ಲಿ ಕಾಯಿ ಚಿಪ್ಪಿಗೆ ಕಚ್ಚಿಕೊಂಡು ನಾಲ್ಕು ಚೂರಾಯಿತು. ಹತ್ತರಲ್ಲಿ ನಾಲ್ಕು ಹಾಗೆಯೇ ಬಂದವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಲಿಯುವವನು ಕೈ ನಿಲ್ಲಿಸಿ, ಈ ಮನೇಲಿ ಹಿಂಗಾಗಿದ್ದು ನಾನು ಕಂಡೇ ಇಲ್ಲ ಅಂದ. ಯಜಮಾನರು ತಲೆ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತರು.

ಅದೇ ಹೊತ್ತಿಗೆ ಹುಡುಗಿ ಸ್ಕೂಲಿಂದ ಬಂದಳು. ನನ್ನ ಕಣ್ಣಿಗೆ ಅವಳು ಬಿದ್ದದ್ದೇ ತಡ, ಕಾರಣ ಸಿಕ್ಕಿಬಿಟ್ಟಿತು. ಅರ್ಧ ಕಲಿತವಳು, ಅತ್ತೆಯ ಜೊತೆ ಆಟವಾಡುತ್ತಾ ಗುಡ್ಡೆ ಕಲಸಿದ್ದಾಳೆ. ಮೂರು ವಾರದಿಂದ ಅವಳು ಸಂಜೆ ಮನೆಗೇ ತಡವಾಗಿ ಬರುತ್ತಿದ್ದದ್ದು, ಅವಳಿಗೆ ನಾನೇ ತಣ್ಣಗಾದ ಊಟ ಬಿಸಿ ಮಾಡಿ ಬಡಿಸಿದ್ದು, ಒಂದೂ ನೆನಪಿಗೆ ಬರಲಿಲ್ಲ. ಅಷ್ಟು ಜನರ ಮುಂದೆ ಅವಳನ್ನು ನಿಲ್ಲಿಸಿಕೊಂಡು ಕನ್ನಡದಲ್ಲೂ ನನಗೆ ಬರುವ ಇಂಗ್ಲಿಷಿನಲ್ಲೂ ಅಂದೆ. ವರ್ಷದ ದುಡಿಮೆ ನಿನಗೆ ಆಟದ ಸಾಮಾನಾ ಅಂದೆ. ಸೇವೆ ಮಾಡಲು ಬಂದವಳು ಸ್ಕೂಲಲ್ಲಿ ಮಾಡು, ನನ್ನ ಮನೆಯಲ್ಲಿ ಬೇಡ ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಚಿಕ್ಕಂದಿನಲ್ಲಿ ಸಾವಿರ ಸಲ ಕೇಳಿದ್ದೇನೆ, ಬೇಕಾದಾಗ ಯಾವತ್ತೂ ನೆನಪಾಗುವುದಿಲ್ಲ.

ಅವಳು ಒಡೆದ ಚೂರುಗಳನ್ನು ನೋಡಿದಳು. ಆಮೇಲೆ ಜಗಲಿಯ ಕಡೆ ಒಂದು ಸಲ ನೋಡಿ, ತಲೆ ತಗ್ಗಿಸಿದಳು.

"ಸಾರಿ ಅಕ್ಕ," ಅಂದಳು. "ನನ್ ತಪ್ಪು."

ಜಗಲಿ ಮೇಲಿದ್ದ ಅತ್ತೆಗೆ ನಾನು ಅಂದದ್ದು ಒಂದೂ ಕೇಳಿರಲಿಲ್ಲ. ಆದರೆ ನನ್ನ ಬಾಯಿ ಆಡುವುದು ಕಾಣುತ್ತಿತ್ತು, ಹುಡುಗಿಯ ತಗ್ಗಿದ ತಲೆ ಕಾಣುತ್ತಿತ್ತು. ಅವರು ಎದ್ದರು. ಕೋಲು ತೆಗೆದುಕೊಳ್ಳುವುದನ್ನೂ ಮರೆತು ಅಂಗಳಕ್ಕೆ ಇಳಿದು, ನಮ್ಮಿಬ್ಬರ ನಡುವೆ ಬಂದು ನಿಂತರು. ಸುಲಿಯುವವರು, ಪಕ್ಕದ ಮನೆಯವರು, ಮಗ, ಎಲ್ಲರೂ ನೋಡುತ್ತಿದ್ದರು.

"ಆ ಮಗೀನ ಬಯ್ಯಬ್ಯಾಡ ಕಣವ್ವ," ಅಂದರು. "ಆರಿಸಿದೋಳು ನಾನು. ನಂಗೆ ಕಿವಿ ಕೇಳ್ಸಲ್ಲ. ಎರಡು ವರ್ಸ ಆಯ್ತು."

ಅತ್ತೆ ಮಗನ ಕಡೆ ತಿರುಗಿ, ಇನ್ನು ಅಟ್ಟಾನ ನೀನೇ ನೋಡ್ಕಳಪ್ಪ ಅಂದು, ಹುಡುಗಿಯ ಕೈ ಹಿಡಿದುಕೊಂಡು ಒಳಗೆ ಹೋದರು.

ನಾನು ಮಚ್ಚು ಹಿಡಿದು ಕೂತೇ ಇದ್ದೆ. ಎರಡು ವರ್ಷದ ಉತ್ತರವಿಲ್ಲದ ಮಾತುಗಳೆಲ್ಲ ಒಟ್ಟಿಗೆ ನೆನಪಿಗೆ ಬಂದವು. ಊಟಕ್ಕೆ ಬನ್ನಿ ಅಂದದ್ದು, ಬರಲಿಲ್ಲವೆಂದು ನಾನು ಸಿಟ್ಟಿನಿಂದ ಮೊದಲೇ ಉಂಡು ಎದ್ದದ್ದು, ಅವರು ಹೊತ್ತು ಮೀರಿ ಬಂದು ತಣ್ಣಗಾದದ್ದನ್ನು ಏನೂ ಅನ್ನದೆ ತಿಂದದ್ದು. ಬಿಂಕ ಬಿಂಕ ಅಂದುಕೊಂಡೆನಲ್ಲ. ಅವತ್ತು ನನಗೆ ಆದ ನಾಚಿಕೆಯನ್ನು ಇಲ್ಲಿ ಬರೆದರೂ ಪೂರ್ತಿ ಬರೆದ ಹಾಗಾಗುವುದಿಲ್ಲ. ಹುಡುಗಿಯ ಹತ್ತಿರ ಹೋಗಿ ಕ್ಷಮಿಸು ಅಂದೆ, ಅದು ಇಂಗ್ಲಿಷಿನಲ್ಲಿ ಸುಲಭ. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ನಮ್ಮಲ್ಲಿ ಸೊಸೆ ಅತ್ತೆಗೆ ಕ್ಷಮಿಸಿ ಅನ್ನುವ ಪದ್ಧತಿ ಇಲ್ಲ, ಹೇಳಿದರೂ ಅವರಿಗೆ ಕೇಳುವುದಿಲ್ಲ.

ಯಜಮಾನರು ತಿಪಟೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿದರು. ಅತ್ತೆ ಎರಡು ದಿನ ಹಾಕಿಕೊಂಡರು. ಕಾಗೆ, ಮಿಕ್ಸಿ, ಮೋಟಾರು ಎಲ್ಲ ತಲೆಯೊಳಗೇ ಬಂದು ಕೂತಿವೆ ಎಂದು ತೆಗೆದು ವಿಭೂತಿ ಗಟ್ಟಿಯ ಡಬ್ಬಿಯಲ್ಲಿ ಇಟ್ಟುಬಿಟ್ಟರು. ಅಟ್ಟದ ಕಡೆ ತಿರುಗಿಯೂ ನೋಡಲಿಲ್ಲ. ಹುಡುಗಿ ಸಂಜೆ ಮೆಟ್ಟಿಲ ಹತ್ತಿರ ನಿಂತು ಕೈಸನ್ನೆ ಮಾಡಿ ಕರೆದರೆ, ಕಿವುಡಿಗ್ಯಾಕೆ ಅಟ್ಟ ಅಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಊಟ ಅರ್ಧಕ್ಕೆ ಇಳಿಯಿತು. ಬತ್ತಿ ಹೊಸೆಯುವುದನ್ನೂ ಬಿಟ್ಟರು. ಹತ್ತು ದಿನ ಹೀಗೇ ಕಳೆಯಿತು.

ಹನ್ನೊಂದನೇ ದಿನ ನಾನು ಸೆರಗು ಸಿಕ್ಕಿಸಿಕೊಂಡು ಅಟ್ಟ ಹತ್ತಿದೆ. ಹುಡುಗಿ ಹಿಂದೆಯೇ ಬಂದಳು. ಮೇಲೆ ಸಿಪ್ಪೆಯ ವಾಸನೆ, ಹೆಂಚಿನ ಸಂದಿಯ ಬಿಸಿಲು, ಮಧ್ಯದಲ್ಲಿ ಅತ್ತೆಯ ಮಣೆ. ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದೇನೋ ಕೇಳಿತು. ಅದು ಗುಳುಗುಳುವೂ ಅಲ್ಲ, ಗಟಗಟವೂ ಅಲ್ಲ. ಇನ್ನೊಂದು ಎತ್ತಿದೆ, ಅದೂ ಹಾಗೆಯೇ. ಹುಡುಗಿಯನ್ನು ನೋಡಿದೆ. ಅವಳು, ನನಗೂ ಗೊತ್ತಾಗುವುದಿಲ್ಲ, ಸದ್ದು ಹೇಳುವುದಷ್ಟೇ ನನ್ನ ಕೆಲಸ, ತೀರ್ಮಾನ ಅಜ್ಜಿಯದು ಅಂದಳು. ಎರಡು ಗಟ್ಟಿ ಕಿವಿ ಇಟ್ಟುಕೊಂಡು ನಾನು ಪೆದ್ದಿಯ ಹಾಗೆ ಕೂತೆ.

ಆ ಕಾಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗೆ ಇಳಿದು, ಮಲಗಿದ್ದ ಅತ್ತೆಯ ಮುಂದೆ ಕೂತೆ. ಅವರು ಕಣ್ಣು ಬಿಟ್ಟರು. ನಾನು ಕಾಯಿ ಅಲ್ಲಾಡಿಸಿ, ಮೊದಲು ಬೆರಳುಗಳನ್ನು ಮಳೆಯ ಹಾಗೆ ಸ್ವಲ್ಪವೇ ಆಡಿಸಿ, ಆಮೇಲೆ ಅಂಗೈಗೆ ಒಂದು ಗುದ್ದು ಗುದ್ದಿ, ಗೊತ್ತಿಲ್ಲ ಎಂದು ಕೈ ಚೆಲ್ಲಿದೆ. ಅತ್ತೆ ನನ್ನ ಕೈಯನ್ನೇ ನೋಡಿದರು. ಆ ಸನ್ನೆ ನನಗೆ ಹೇಗೆ ಗೊತ್ತು ಎಂದು ಹುಡುಗಿಯ ಕಡೆ ನೋಡಿದರು. ಆಣೆ ಮುರಿದವಳು ಬಾಗಿಲ ಹಿಂದೆ ಸರಿದಳು. ಅತ್ತೆ ಎದ್ದು ಕೂತು ಕಾಯನ್ನು ತೆಗೆದುಕೊಂಡು, ತೂಗಿ, ತೊಟ್ಟಿನ ಹತ್ತಿರ ಉಗುರಿನಿಂದ ಒತ್ತಿ, "ಒಂದು ಕಡೆ ಬುಟ್ಟೈತೆ, ಇನ್ನೊಂದು ಕಡೆ ಬುಟ್ಟಿಲ್ಲ," ಅಂದರು. "ಇನ್ನು ಇಪ್ಪತ್ತು ದಿನ ಬೇಕು. ನಿಂಗೆ ಯಾರೂ ಹೇಳ್ಕೊಡ್ನಿಲ್ವಾ?"

ಯಾರೂ ಹೇಳಿಕೊಡಲಿಲ್ಲ ಎಂದು ತಲೆಯಾಡಿಸಿದೆ. ನನಗೆ ಅಳು ಬಂತು. ಅತ್ತೆ ಸೆರಗು ಸರಿ ಮಾಡಿಕೊಂಡು, ಕೋಲು ಎಲ್ಲಿ ಅಂದರು. ಅವತ್ತು ಮೂವರೂ ಕತ್ತಲಾಗುವ ತನಕ ಮೇಲೆಯೇ ಇದ್ದೆವು. ಯಜಮಾನರು ಬಂದು ಕಾಫಿ ಕೇಳಿ, ಉತ್ತರ ಸಿಗದೆ, ತಾವೇ ಹಾಲು ಕಾಯಿಸಿಕೊಂಡು ಉಕ್ಕಿಸಿದರು.

ಮಾರ್ಚ್ ಬಂದಾಗ ಹುಡುಗಿ ಹೋಗುವ ದಿನವೂ ಬಂತು. ಮೊದಲ ದಿನ ಮುಖ ಸಿಂಡರಿಸಿಕೊಂಡು ಹೋಗಿದ್ದವರೆಲ್ಲ ಹೋಳಿಗೆ, ಹುಣಸೆಹಣ್ಣು, ಹುರಿಗಾಳು ಹಿಡಿದು ಬಂದರು. ಬ್ಯಾಗಿನಲ್ಲಿ ಅದೆಲ್ಲ ಹಿಡಿಸಲಿಲ್ಲ. ಬಿಸಿಯೂಟದ ಅಡುಗೆಯವಳು ಬಾಗಿಲಾಚೆ ನಿಂತು ಒಂದು ಪೊಟ್ಟಣ ಕೊಟ್ಟಳು, ಅದರಲ್ಲಿ ಏನಿತ್ತು ಎಂದು ಎಲ್ಲರಿಗೂ ವಾಸನೆಯಿಂದಲೇ ಗೊತ್ತಾಯಿತು, ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಹತ್ತು ತಿಂಗಳಲ್ಲಿ ಅವಳು ಮಕ್ಕಳಿಗೆ ಎಷ್ಟು ಇಂಗ್ಲಿಷ್ ಕಲಿಸಿದಳೋ ನಾನು ಹೇಳಲಾರೆ. ಬಿದಿರು ಬೊಂಬಿನ ಮಧ್ಯೆ ಕುಣಿಯುವುದು ಮಾತ್ರ ನಮ್ಮೂರ ಮಕ್ಕಳಿಗೆ ಈಗಲೂ ಬರುತ್ತದೆ. ಹೊರಡುವಾಗ ಅವಳು ಅತ್ತೆಯ ಕಾಲಿಗೆ ಬಿದ್ದು, ಎದ್ದು, ಅತ್ತೆಯ ತಲೆ ಮೇಲೆ ಕೈ ಇಟ್ಟಳು. ನೆರೆದವರಿಗೆ ಇದೇನು ತಿರುಗಾಮುರುಗಾ ಅನ್ನಿಸಿತು. ಅತ್ತೆ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

ಈಗ ಅಟ್ಟಕ್ಕೆ ಅತ್ತೆ ಮತ್ತು ನಾನು. ಕೆಳಗಿಂದ ಕೂಗುವುದನ್ನು ನಾನು ಬಿಟ್ಟಿದ್ದೇನೆ, ಊಟಕ್ಕೆ ಕರೆಯಬೇಕಾದರೆ ಹೋಗಿ ಭುಜ ಮುಟ್ಟುತ್ತೇನೆ. ಕೋಪ ಹೋಗಿಲ್ಲ. ಸನ್ನೆಯಲ್ಲಿ ಜಗಳವಾಡುವುದನ್ನೂ ಕಲಿತಿದ್ದೇವೆ, ಅದರಲ್ಲಿ ಅತ್ತೆಯದೇ ಮೇಲುಗೈ. ಅವರು ಮಣೆ ಮೇಲೆ ಕೂತು ಕಾಯಿ ಎತ್ತಿ ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿ, "ಏನಂತೈತೆ?" ಅನ್ನುತ್ತಾರೆ. ನಾನು ಬೆರಳಲ್ಲಿ ಹೇಳುತ್ತೇನೆ. ಕಳೆದ ಸಲ ಸುಲಿಸಿದಾಗ ಒಂದು ಉಂಡೆಯೂ ಒಡೆಯಲಿಲ್ಲ.

ಹೋದ ಭಾನುವಾರ ಹುಡುಗಿಯ ವಿಡಿಯೋ ಕಾಲ್ ಬಂತು. ನಾವು ಅಟ್ಟದ ಮೇಲೆಯೇ ಇದ್ದೆವು. ಅವಳ ಹಿಂದೆ ಅವಳ ಅಮ್ಮ, ಅಮ್ಮನ ಹಿಂದೆ ಸಮುದ್ರ. ಹೋಳು ಮಾಡಿ ಒಣಗಿಸುವ ಆ ಊರಿನಲ್ಲಿ ಅವಳು ಒಂದೇ ಒಂದು ಕಾಯನ್ನು ಸುಲಿಯದೆ ಸೂರಿನ ಕೆಳಗೆ ಇಟ್ಟಿದ್ದಾಳಂತೆ, ಎಂಟು ತಿಂಗಳಾಯಿತಂತೆ, ಮನೆಯವರೆಲ್ಲ ಹುಚ್ಚಿ ಅನ್ನುತ್ತಾರಂತೆ. ಅದನ್ನು ಎತ್ತಿ ಫೋನಿಗೆ ಹಿಡಿದು ಅಲ್ಲಾಡಿಸಿದಳು. ಅತ್ತೆ ಫೋನು ನೋಡಲಿಲ್ಲ, ನನ್ನ ಮುಖ ನೋಡಿದರು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿ, ಬೆರಳುಗಳನ್ನು ಮಳೆಯ ಹಾಗೆ ಆಡಿಸಿದೆ.

"ಇನ್ನೂ ನೀರೈತೆ," ಅಂದರು ಅತ್ತೆ. "ಅವಸರ ಮಾಡಬ್ಯಾಡ ಅನ್ನು ಅವ್ಳಿಗೆ. ನಾವು ಕೇಳಿ ಹೇಳೋಗಂಟ ಒಡಿಬ್ಯಾಡ ಅನ್ನು."